ಕಲ್ಲಿನ ಮೇಲೆ 'ರಾಜ್ಯ ಹೆದ್ದಾರಿ', ಕಚೇರಿಯಲ್ಲಿ 'ನಮ್ಮದಲ್ಲ': ಈ ರಸ್ತೆ ಯಾರದ್ದು?

ಗುಂಡಿಪುರಾಣ
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ತಿಂತಿರೋ ವಿಷಯ, ಗೊತ್ತಿರುವವರು ಹೇಳಿ.

ನಮ್ಮದು ಸಣ್ಣ ತಾಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಮುಂದೆ ಹಸಿರು ತಲೆಯ ಕಿಲೋಮೀಟರ್ ಕಲ್ಲು ಇದೆ. ಊರು ಮುಗಿಯೋ ಹೊತ್ತಿಗೆ ದೊಡ್ಡ ಹಸಿರು ಬೋರ್ಡ್, 'ರಾಜ್ಯ ಹೆದ್ದಾರಿ' ಅಂತ, ನಂಬರ್ ಸಮೇತ. ಕೆಲವು ವರ್ಷದ ಹಿಂದೆ ಬೈಪಾಸ್ ಆಯ್ತು. ಲಾರಿಗಳೆಲ್ಲ ಆ ಕಡೆ ಹೋದವು, ಕಲ್ಲು ಮತ್ತೆ ಬೋರ್ಡ್ ಇಲ್ಲೇ ಉಳಿದವು.

ಹೋದ ತಿಂಗಳು ಈ ರಸ್ತೆ ಬೈಪಾಸ್‌ಗೆ ಕೂಡುವ ಜಾಗದ ಹತ್ತಿರ ನಮ್ಮ ಚಿಕ್ಕಪ್ಪ ಗುಂಡಿಗೆ ಬೈಕ್ ಇಳಿಸಿ ಬಿದ್ದರು. ಮುಂಗೈ ಮೂಳೆ ಮುರಿದಿದೆ. ಅರ್ಜಿ ಬರ್ಕೊಂಡು ಒಂದು ಕಚೇರಿಗೆ ಹೋದೆ. 'ಊರೊಳಗಿನ ರಸ್ತೆ ಯಾವಾಗಲೋ ಹಸ್ತಾಂತರ ಆಯ್ತು, ನಮ್ಮದಲ್ಲ' ಅಂದರು. ಅವರು ಹೇಳಿದ ಇನ್ನೊಂದು ಕಚೇರಿಗೆ ಹೋದೆ. 'ಬೋರ್ಡ್ ನೋಡಿಲ್ವೇನ್ರಿ? ರಾಜ್ಯ ಹೆದ್ದಾರಿ ಅಂತ ಅಷ್ಟು ದೊಡ್ಡದಾಗಿ ಬರೆದಿದೆ, ನಾವು ಹೆಂಗೆ ಮುಟ್ಟೋದು' ಅಂದರು. (ಕಚೇರಿಗಳ ಹೆಸರು ಹಾಕಲ್ಲ, ಮತ್ತೆ ಅಲ್ಲಿಗೇ ಹೋಗಬೇಕು ನಾನು.)

ಬೋರ್ಡ್ ಇದ್ದ ಮಾತ್ರಕ್ಕೆ ರಸ್ತೆ ರಾಜ್ಯದ್ದಾಗುತ್ತಾ? ಇಲ್ಲ ಅಂದ್ರೆ ಆ ಬೋರ್ಡ್ ಅಲ್ಲಿ ಏನ್ ಮಾಡ್ತಿದೆ?

ಸುಮ್ನೆಓದುವವ
ಚಿಕ್ಕಪ್ಪ ಈಗ ಹೇಗಿದ್ದಾರೆ?

ಗುಂಡಿಪುರಾಣ
ಪ್ಲಾಸ್ಟರ್ ಹಾಕಿದ್ದಾರೆ. ಎಡಗೈ, ಹಾಗಾಗಿ ಊಟಕ್ಕೆ ತೊಂದರೆ ಇಲ್ಲ. ಬೈಕ್ ಓಡಿಸಬೇಡಿ ಅಂದ್ರೆ ಕೇಳಬೇಕಲ್ಲ.

ಹಳೇ_ಜೆಇ
ಮೂವತ್ತು ವರ್ಷ ಜೂನಿಯರ್ ಎಂಜಿನಿಯರ್ ಆಗಿ ಇದೇ ರಸ್ತೆ ಕೆಲಸ ಮಾಡಿ ರಿಟೈರ್ ಆದವನು ನಾನು. ಬೋರ್ಡ್, ಕಲ್ಲು ಇವೆಲ್ಲ ದಾರಿ ಹೋಕರಿಗೆ. ರಸ್ತೆ ಯಾರದ್ದು ಅನ್ನೋದು ಕಾಗದದಲ್ಲಿ ಇರುತ್ತೆ. ನಮ್ಮಲ್ಲಿ ಕರ್ನಾಟಕ ಹೆದ್ದಾರಿ ಕಾಯ್ದೆ, 1964 ಅಂತ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಹೆದ್ದಾರಿ, ವಾಪಸ್ ತಗೊಂಡರೆ ಅಲ್ಲ. ಬೈಪಾಸ್ ಆದಾಗ ಊರೊಳಗಿನ ಹಳೇ ತುಂಡನ್ನು ಪುರಸಭೆಗೋ ನಗರಸಭೆಗೋ ಬಿಟ್ಟುಕೊಡೋದು ಮಾಮೂಲಿ. ಆ ಆದೇಶದಲ್ಲಿ ಎಷ್ಟನೇ ಕಿಲೋಮೀಟರಿಂದ ಎಷ್ಟನೇ ಕಿಲೋಮೀಟರ್‌ವರೆಗೆ ಅಂತ ಬರೆದಿರುತ್ತೆ. ಕಲ್ಲು ಕೀಳಬೇಕು ಅಂತ ಯಾರೂ ಬರೆಯಲ್ಲ, ಅದಕ್ಕೆ ಬೇರೆ ಅಂದಾಜು ಪಟ್ಟಿ, ಬೇರೆ ದುಡ್ಡು ಬೇಕಲ್ಲ.

ಇನ್ನೊಂದು ತಮಾಷೆ ಕೇಳಿ. ಕಲ್ಲಿಗೆ ಬಣ್ಣ ಹೊಡೆಯೋ ಕೆಲಸ ಇಡೀ ರಸ್ತೆಗೆ ಒಟ್ಟಿಗೆ ಕೊಡ್ತೀವಿ. ಯಾವ ಕಲ್ಲು ಹಸ್ತಾಂತರ ಆಗಿದೆ ಅಂತ ಪೇಂಟರ್‌ಗೆ ಏನ್ ಗೊತ್ತು? ಕೈಯಲ್ಲಿ ಹಸಿರು ಡಬ್ಬ ಇದೆ, ಮುಂದೆ ಹಸಿರು ಕಲ್ಲು ಇದೆ. ಹೊಡೆದ, ಮುಂದಕ್ಕೆ ಹೋದ. ಹಾಗಾಗಿ ನಮ್ಮದಲ್ಲದ ಕಲ್ಲೇ ಎಷ್ಟೋ ಸಲ ಎಲ್ಲಕ್ಕಿಂತ ಚೆನ್ನಾಗಿ ಹೊಳೀತಿರುತ್ತೆ.

ಮಂಡ್ಯದ_ಗಂಡು
ಹಸಿರು ರಾಜ್ಯ ಹೆದ್ದಾರಿ, ಹಳದಿ ರಾಷ್ಟ್ರೀಯ ಹೆದ್ದಾರಿ, ಕಿತ್ತಳೆ ಹಳ್ಳಿ ರಸ್ತೆ, ನೀಲಿ ಜಿಲ್ಲಾ ರಸ್ತೆ. ಶಾಲೆಯಲ್ಲೇ ಹೇಳಿಕೊಡಬೇಕು ಇದನ್ನ.

ಹಾಸನದ_ಆಲೂ
ಜಿಲ್ಲಾ ರಸ್ತೆಗೆ ಕಪ್ಪು. ನೀಲಿ ಅಲ್ಲ.

ಮಂಡ್ಯದ_ಗಂಡು
ನಾನು ನೀಲಿ ನೋಡಿದ್ದೀನಿ.

ಹಾಸನದ_ಆಲೂ
ನಾನು ಗುಲಾಬಿ ಬಣ್ಣದ್ದೂ ನೋಡಿದ್ದೀನಿ, ನಮ್ಮೂರಲ್ಲಿ ಯಾರದ್ದೋ ಮದುವೆ ಇತ್ತು ಆವತ್ತು.

ಹಳೇ_ಜೆಇ
ಎರಡೂ ಕಡೆ ಕಾಣಸಿಗುತ್ತೆ, ಜಗಳ ಬೇಡ. ನಾನು ಹೊಡೆಸಿದ್ದು ಕಪ್ಪು.

ಕಾವೇರಿತೀರ
ಬಣ್ಣದ ಮಾತು ಬಂತಲ್ಲ, ಬೆಂಗಳೂರು–ಮೈಸೂರು ರಸ್ತೆ ನೋಡಿ. ಅದು ಮೊದಲು ಎಸ್‌ಎಚ್ (ರಾಜ್ಯ ಹೆದ್ದಾರಿ) 17. ಆಮೇಲೆ ಎನ್‌ಎಚ್ (ರಾಷ್ಟ್ರೀಯ ಹೆದ್ದಾರಿ) 275 ಆಯ್ತು. ಹೊಸ ಹತ್ತು ಲೇನ್ ಕೆಲಸ ಶುರುವಾಗೋ ಮುಂಚೆ, ನಾನು ಟೀ ಕುಡಿಯಲು ನಿಲ್ತಿದ್ದ ಜಾಗದಲ್ಲಿ ಒಂದು ಕಲ್ಲಿತ್ತು. ಮೇಲೆ ಹಳದಿ. ಎತ್ತಿನ ಗಾಡಿ ಉಜ್ಜಿದ್ದ ಒಂದು ಮೂಲೆಯಲ್ಲಿ ಹಳದಿ ಚಕ್ಕೆ ಎದ್ದು ಹಸಿರು ಕಾಣ್ತಿತ್ತು, ಇನ್ನೂ ಒಳಗೆ ಬಿಳಿ ಸುಣ್ಣ. ಉಗುರಲ್ಲಿ ಕೆರೆದರೆ ಒಂದೊಂದೇ ಪದರ ಬರೋದು. ಟೀ ಬರೋವರೆಗೆ ಅದೇ ಕೆಲಸ ನನಗೆ. ನಮ್ಮಪ್ಪ ಈಗಲೂ 'ಎಸ್‌ಎಚ್ ಸೆವೆಂಟೀನ್ ಮೇಲೆ ಬಂದೆ' ಅಂತಾರೆ, 2023ರಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆದಮೇಲೂ.

ಘಟ್ಟದ_ಕೆಳಗೆ
ನಮ್ಮ ಕಡೆಯೂ ಹಾಗೇ ಉಂಟು ಮಾರಾಯ್ರೆ. ಎನ್‌ಎಚ್ 66 ಅಂದ್ರೆ ಹಿರಿಯರಿಗೆ ಅರ್ಥ ಆಗುವುದಿಲ್ಲ, 17 ಅಂತಲೇ ಹೇಳಬೇಕು. ಇನ್ನು ಬೆಂಗಳೂರು–ಮಂಗಳೂರಿನದ್ದು ಮೊದಲು 48, ಈಗ 75. ಆ 48 ಎಲ್ಲಿಗೆ ಹೋಯಿತು? ಬೆಂಗಳೂರು–ಪೂನಾ ರಸ್ತೆಗೆ! ಅದು ಮೊದಲು 4. ನಮ್ಮ ಮಾವ ಒಮ್ಮೆ ಫೋನಿನಲ್ಲಿ 'ಸೀದಾ 48 ಹಿಡಿದು ಬಾ' ಅಂದಿದ್ದರು. ಮ್ಯಾಪ್ ನಂಬಿದ್ದರೆ ದಾವಣಗೆರೆ ಮುಟ್ಟುತ್ತಿದ್ದೆ.

ಪಿಬಿ_ರೋಡ್
ದಾವಣಗೆರೆ ಮುಟ್ಟಿದ್ರ ಏನು ಕೆಟ್ಟ ಆತು ರೀ? ಬೆಣ್ಣೆ ದೋಸೆ ತಿಂದು ಹೋಗಬಹುದಿತ್ತು.

ವಿಷಯಕ್ಕ ಬರ್ತೀನಿ. ನಮ್ಮ ಕಡೆ ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲಾ ಕಡೆ ಊರೊಳಗ ಪಿ.ಬಿ. ರೋಡ್ ಐತಿ. ಪೂನಾ–ಬೆಂಗಳೂರು ರೋಡ್ ಅಂತ. ಹೆದ್ದಾರಿ ಊರ ಹೊರಗ ಹೋಗಿ ಎಷ್ಟೋ ವರ್ಷ ಆತು, ಹೆಸರು ಮಾತ್ರ ಊರೊಳಗ ಉಳಿದೈತಿ. ಹುಬ್ಬಳ್ಳಿ–ಧಾರವಾಡ ನಡುವ ಅದೇ ರೋಡ್ ಮ್ಯಾಲೆ ಈಗ ಚಿಗರಿ ಬಸ್ ಓಡ್ತಾವ. ಯಾರರ ಅಡ್ರೆಸ್ ಕೇಳಿದ್ರ ಇನ್ನೂ 'ಎನ್‌ಎಚ್ ಫೋರ್ ಬಾಜೂಕ' ಅಂತ ಹೇಳ್ತಾರ. ಬೋರ್ಡ್ ತಗದ್ರೂ ಬಾಯಿಂದ ತಗಿಯೋದು ಹೆಂಗ?

ದಾಸರಹಳ್ಳಿ_ವಾಸಿ
ಬಾಯಿಂದ ತೆಗೆಯೋಕೆ ಆಗಲ್ಲ ಅನ್ನೋದಕ್ಕೆ ನಾವೇ ಸಾಕ್ಷಿ. ತುಮಕೂರು ರಸ್ತೆಯ ಎಂಟನೇ ಮೈಲಿ. ದೇಶ ಮೈಲಿ ಬಿಟ್ಟು ಕಿಲೋಮೀಟರ್‌ಗೆ ಹೋಗಿ ಅರವತ್ತು ವರ್ಷ ಆಯ್ತು, ನಾವಿನ್ನೂ ಎಂಟನೇ ಮೈಲಿಯಲ್ಲೇ ಇಳೀತೀವಿ. ಕಂಡಕ್ಟರ್‌ಗೆ 'ಹದಿಮೂರನೇ ಕಿಲೋಮೀಟರ್' ಅಂದು ನೋಡಿ, ಮುಖ ಹೇಗೆ ನೋಡ್ತಾನೆ.

ಲೆಕ್ಕಾಚಾರ
ನಂಬರ್ ಬದಲಾವಣೆ ಬಗ್ಗೆ ಒಂದು ಮಾತು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿದ್ದು ಸುಮ್ನೆ ಅಲ್ಲ, ಅದಕ್ಕೊಂದು ಲೆಕ್ಕ ಇದೆ. ಉತ್ತರ–ದಕ್ಷಿಣ ಹೋಗುವುದಕ್ಕೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತಾ ಹೋಗುತ್ತೆ. ಪೂರ್ವ–ಪಶ್ಚಿಮದ್ದಕ್ಕೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತೆ. ಮೂರಂಕಿ ಇದ್ದರೆ ಕವಲು. 275 ಅಂದ್ರೆ 75ರ ಕವಲು. ಅದಕ್ಕೇ ಬಂಟ್ವಾಳದ ಹತ್ತಿರ 75 ಬಿಟ್ಟು ಮಡಿಕೇರಿ, ಮೈಸೂರು ಸುತ್ತಿ ಬೆಂಗಳೂರಿಗೆ ಬರುತ್ತೆ. ಮೈಸೂರು–ಬಂಟ್ವಾಳದ ಭಾಗ ಮೊದಲು ಎಸ್‌ಎಚ್ 88 ಆಗಿತ್ತು.

ಗುಂಡಿಪುರಾಣ
ತುಂಬಾ ಚೆನ್ನಾಗಿದೆ, ಆದ್ರೆ ನನ್ನ ಗುಂಡಿ?

ಫ್ಲೆಕ್ಸ್_ಅಂಗಡಿ
ಗುಂಡಿ ಗೊತ್ತಿಲ್ಲ, ಬೋರ್ಡ್ ಬಗ್ಗೆ ನಾನು ಹೇಳ್ತೀನಿ. ಹೆಸರು ಕೇಳಬೇಡಿ 😀

ನಮ್ಮದು ಪ್ರಿಂಟಿಂಗ್ ಅಂಗಡಿ. ನಾಲ್ಕು ವರ್ಷದ ಹಿಂದೆ ಒಬ್ಬರು ಬಂದು 'ರಾಜ್ಯ ಹೆದ್ದಾರಿ ಬೋರ್ಡ್ ಬೇಕು, ಹಸಿರು, ಒರಿಜಿನಲ್ ತರ ಇರಬೇಕು' ಅಂದರು. ಸರ್ಕಾರಿ ಕೆಲಸ ಇರಬೇಕು ಅಂದ್ಕೊಂಡೆ. ಬಿಲ್ ಯಾರ ಹೆಸರಿಗೆ ಅಂದ್ರೆ ಒಂದು ಲೇಔಟ್ ಹೆಸರು ಹೇಳಿದರು. ಸೈಟ್ ಮಾರೋರು. ಬ್ರೋಷರ್‌ನಲ್ಲಿ 'ರಾಜ್ಯ ಹೆದ್ದಾರಿಗೆ ಹೊಂದಿಕೊಂಡಂತೆ' ಅಂತ ಹಾಕಿಬಿಟ್ಟಿದ್ದಾರೆ, ನೋಡೋಕೆ ಬಂದವರಿಗೆ ಹೆದ್ದಾರಿ ಕಾಣಬೇಕಲ್ಲ!

ನಂಬರ್‌ಗೆ ಗುರಾಣಿ ಆಕಾರ ಬೇಕು ಅಂದರು. ನನ್ನ ಹತ್ತಿರ ಡಿಸೈನ್ ಇರಲಿಲ್ಲ. ನೆಟ್‌ನಲ್ಲಿ ಹುಡುಕಿದೆ, ಒಂದು ಹಸಿರು ಗುರಾಣಿ ಸಿಕ್ತು, ಚೆನ್ನಾಗಿತ್ತು. ಒಳಗಿದ್ದ ಇಂಗ್ಲಿಷ್ ಅಳಿಸಿ ನಂಬರ್ ಹಾಕಿ ಕೊಟ್ಟೆ. ಅವರಿಗೂ ಖುಷಿ.

ಸನ್ನಿವೇಲ್_ಸೋಮಾರಿ
ಒಂದು ನಿಮಿಷ. ಆ ಗುರಾಣಿ ಸನಿಕೆ ತರ ಇತ್ತಾ? ಮೇಲೆ ಸ್ವಲ್ಪ ಚೂಪು, ಕೆಳಗೆ ಅಗಲ?

ಫ್ಲೆಕ್ಸ್_ಅಂಗಡಿ
ಹೌದು ಸರ್, ಹಾಗೇ.

ಸನ್ನಿವೇಲ್_ಸೋಮಾರಿ
ಅಯ್ಯೋ ದೇವರೇ. ಅದು ಕ್ಯಾಲಿಫೋರ್ನಿಯಾ ರಾಜ್ಯ ಹೆದ್ದಾರಿಯ ಗುರುತು! ದಿನಾ ನೋಡ್ತೀನಿ. 1849ರ ಹೊತ್ತಿಗೆ ಚಿನ್ನ ಅಗೆಯಲು ಬಂದವರ ಸನಿಕೆ ಅದು, ಹಸಿರು ಬಣ್ಣ, ಬಿಳಿ ಅಕ್ಷರ.

ಗುಂಡಿಪುರಾಣ
ಈಗಷ್ಟೇ ಹೋಗಿ ನೋಡ್ಕೊಂಡು ಬಂದೆ. ನಮ್ಮೂರಿನ ಬೋರ್ಡೂ ಸನಿಕೆ. ಪಕ್ಕದಲ್ಲೇ ಲೇಔಟಿನ ಕಮಾನು. ಫ್ಲೆಕ್ಸ್ ಅಣ್ಣ, ನಿಮ್ಮ ಅಂಗಡಿ ಯಾವ ಊರಲ್ಲಿ?

ಫ್ಲೆಕ್ಸ್_ಅಂಗಡಿ
ಊರು ಕೇಳಬೇಡಿ ಅಂದೆನಲ್ಲ.

ಹಾಸನದ_ಆಲೂ
ನಕ್ಕು ನಕ್ಕು ಸಾಕಾಯ್ತು 😂 ಎರಡನೇ ಕಚೇರಿಯವರು 'ಬೋರ್ಡ್ ನೋಡಿಲ್ವಾ' ಅಂತ ತೋರಿಸಿದ್ದು ಕ್ಯಾಲಿಫೋರ್ನಿಯಾ ಬೋರ್ಡ್. ಗುಂಡಿ ಮುಚ್ಚೋಕೆ ಅಲ್ಲಿಗೇ ಅರ್ಜಿ ಹಾಕಿ.

ಸನ್ನಿವೇಲ್_ಸೋಮಾರಿ
ಅರ್ಜಿ ಹಾಕಿದ್ರೂ ಇಲ್ಲೂ ಅದೇ ಕಥೆ 😀 ಇಲ್ಲಿ ರಾಜ್ಯ ತನ್ನ ಹೆದ್ದಾರಿಯ ತುಂಡುಗಳನ್ನು ನಗರಗಳಿಗೆ ಬಿಟ್ಟುಕೊಡುತ್ತೆ. ಸ್ಯಾನ್ ಹೋಸೆಯಲ್ಲಿ 82ನೇ ನಂಬರ್ ರಸ್ತೆಯ ಒಂದು ಭಾಗ ಹಾಗೇ ನಗರಕ್ಕೆ ಹೋಗಿದೆ. ಆದರೆ ಒಂದು ಒಳ್ಳೆ ಪದ್ಧತಿ ಇದೆ. ಬಿಟ್ಟುಕೊಡುವ ಕಾನೂನಿನಲ್ಲೇ ಎಷ್ಟೋ ಸಲ ಬರೆದಿರ್ತಾರೆ: ಮುಂದೆ ಹೆದ್ದಾರಿ ಎಲ್ಲಿ ಮುಂದುವರಿಯುತ್ತೆ ಅಂತ ತೋರಿಸುವ ಬೋರ್ಡ್‌ಗಳನ್ನು ನಗರವೇ ನೋಡಿಕೊಳ್ಳಬೇಕು ಅಂತ. ಅಂದ್ರೆ ರಸ್ತೆ ರಾಜ್ಯದ್ದಲ್ಲ, ಬೋರ್ಡ್ ಮಾತ್ರ ಇರಲೇಬೇಕು. ಡ್ರೈವರ್‌ಗೆ ರಸ್ತೆ ಯಾರದ್ದು ಅನ್ನೋದು ಬೇಕಾಗಿಲ್ಲ, ದಾರಿ ತಪ್ಪಬಾರದು ಅಷ್ಟೇ.

ಇನ್ನು ಅಮೆರಿಕದ ಹಳೇ 66ನೇ ನಂಬರ್ ಹೆದ್ದಾರಿಯನ್ನು 1985ರಲ್ಲೇ ಪಟ್ಟಿಯಿಂದ ತೆಗೆದರು. ಬೋರ್ಡ್ ನೋಡಿದ್ರೆ ಈಗಲೇ ಜಾಸ್ತಿ ಅನ್ನಿಸುತ್ತೆ. ಹೋಟೆಲ್, ಪೆಟ್ರೋಲ್ ಬಂಕ್, ಟೀ ಶರ್ಟ್, ಎಲ್ಲದರ ಮೇಲೂ.

ಮಂಡ್ಯದ_ಗಂಡು
ನೀವು ಹೊರದೇಶದವರು ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಶುರು ಮಾಡ್ತೀರ.

ಸನ್ನಿವೇಲ್_ಸೋಮಾರಿ
ಗುಂಡಿ ಇಲ್ಲೂ ಇವೆ ಗುರು. ಹೋದ ಮಳೆಗಾಲದಲ್ಲಿ ನನ್ನ ಟೈರ್ ಹೋಯ್ತು. ನಾನು ಬೋರ್ಡ್ ಬಗ್ಗೆ ಮಾತ್ರ ಹೇಳಿದ್ದು.

ಕಾನೂನು_ಕಟ್ಟೆ
ಹೆದ್ದಾರಿ ಅನ್ನೋ ಹೆಸರು ಬೇಕು ಅನ್ನೋರು ಸೈಟ್ ಮಾರೋರು. ಬೇಡ ಅನ್ನೋರು ಯಾರು ಗೊತ್ತಾ? ಬಾರ್‌ನವರು. 2016ರ ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂತು ನೆನಪಿದೆಯಾ? ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಬಾರದು ಅಂತ. 2017ರ ಮಾರ್ಚ್ 31ಕ್ಕೆ 20,000 ಅಥವಾ ಅದಕ್ಕಿಂತ ಕಡಿಮೆ ಜನ ಇರುವ ಊರುಗಳಿಗೆ 220 ಮೀಟರ್ ಅಂತ ಇಳಿಸಿದರು.

ಆಗ ಶುರುವಾಯ್ತು ನೋಡಿ. ಅಂಗಡಿ ಸರಿಸೋಕೆ ಕಷ್ಟ, ಹೆದ್ದಾರಿಯನ್ನೇ ಸರಿಸಿದರು! ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳನ್ನು 'ಇದು ಇನ್ನು ಹೆದ್ದಾರಿ ಅಲ್ಲ, ನಗರದ ರಸ್ತೆ' ಅಂತ ಕಾಗದದಲ್ಲಿ ಬದಲಾಯಿಸಿದವು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ಕೊನೆಗೆ 2017ರ ಜುಲೈನಲ್ಲಿ ಕೋರ್ಟೇ ನಗರಸಭೆ ವ್ಯಾಪ್ತಿಯೊಳಗಿನ ಲೈಸೆನ್ಸ್ ಅಂಗಡಿಗಳಿಗೆ ಈ ನಿಷೇಧ ತಟ್ಟಲ್ಲ ಅಂತ ಸ್ಪಷ್ಟ ಮಾಡಿತು. ಅಷ್ಟರಲ್ಲಿ ಎಷ್ಟು ಕಿಲೋಮೀಟರ್ ರಸ್ತೆ ರಾತ್ರೋರಾತ್ರಿ ದರ್ಜೆ ಕಳ್ಕೊಂಡಿತ್ತು. ಬೋರ್ಡ್ ತೆಗೆಯೋಕೆ ಯಾರೂ ಹೋಗಲಿಲ್ಲ. ನನ್ನ ಪ್ರಕಾರ ಇಂಥ ಅನಾಥ ಬೋರ್ಡ್‌ಗಳಲ್ಲಿ ಒಂದಷ್ಟು ಆ ಕಾಲದ್ದೇ.

ಹಾಸನದ_ಆಲೂ
ಅಂದ್ರೆ ಕುಡಿದೋನು ತೂರಾಡೋದು ನೋಡಿದ್ದೀವಿ, ರಸ್ತೆ ತೂರಾಡಿದ್ದು ಅದೇ ಮೊದಲು.

ಜಯನಗರ_ಜಾಣೆ
ಬೆಂಗಳೂರಿನಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಬನ್ನೇರುಘಟ್ಟ ರಸ್ತೆಗೆ ಮ್ಯಾಪ್‌ನಲ್ಲಿ ಎಸ್‌ಎಚ್ 87 ಅಂತ ಬರುತ್ತೆ. ಡೆಲಿವರಿ ಹುಡುಗನಿಗೆ ಹಾಗಂತ ಹೇಳಿದ್ರೆ ಬನ್ನೇರುಘಟ್ಟ ಕಾಡಿಗೇ ಹೋಗಿ ನಿಂತಾನು. ನಗರದೊಳಗಿನ ಭಾಗಕ್ಕೆ ನಾವು ಪಾಲಿಕೆಯನ್ನೇ ಕೇಳೋದು. ಈಗ ಪಾಲಿಕೆಯೂ ಒಂದಲ್ಲ, 2025ರ ಸೆಪ್ಟೆಂಬರ್‌ನಿಂದ ಐದು. ಯಾವ ಗುಂಡಿ ಯಾವ ಪಾಲಿಕೆಗೆ ಅಂತ ನೋಡೋಕೆ ಮೊದಲು ದಿಕ್ಕು ನೋಡಬೇಕು: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ವಾಸ್ತು ಗೊತ್ತಿರೋರಿಗೆ ಸುಲಭ.

ಲೆಕ್ಕಾಚಾರ
ಮ್ಯಾಪ್ ಆಪ್‌ಗಳನ್ನು ನಂಬಬೇಡಿ. ಯಾವುದೋ ಹಳೇ ಪಟ್ಟಿಯಿಂದ ನಂಬರ್ ತಗೊಂಡಿರ್ತಾವೆ, ಇಲ್ಲಾಂದ್ರೆ ಯಾರೋ ಬೋರ್ಡ್ ನೋಡಿ ಸೇರಿಸಿರ್ತಾರೆ. ಆಮೇಲೆ ಬೋರ್ಡ್ ಹಾಕೋರು ಮ್ಯಾಪ್ ನೋಡಿ ಹಾಕ್ತಾರೆ.

ಘಟ್ಟದ_ಕೆಳಗೆ
ಕೋಳಿ ಮೊದಲಾ ಮೊಟ್ಟೆ ಮೊದಲಾ ಅಂತ ಆಯಿತು.

ಕಾನೂನು_ಕಟ್ಟೆ
ಗುಂಡಿಪುರಾಣ ಅವರೇ, ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ. 'ಈ ಗುಂಡಿ ಯಾಕೆ ಮುಚ್ಚಿಲ್ಲ' ಅಂತ ಕೇಳಬೇಡಿ, ಅದಕ್ಕೆ ಹಾರಿಕೆ ಉತ್ತರ ಬರುತ್ತೆ. 'ಬೈಪಾಸ್ ಆದಮೇಲೆ ಹಳೇ ರಸ್ತೆ ಹಸ್ತಾಂತರ ಮಾಡಿದ ಆದೇಶದ ಪ್ರತಿ ಕೊಡಿ' ಅಂತ ಕೇಳಿ. 'ನಮ್ಮದಲ್ಲ' ಅಂತ ವಾಪಸ್ ಕಳಿಸೋಕೆ ಆಗಲ್ಲ. ಕಲಂ 6(3) ಪ್ರಕಾರ ಐದು ದಿನದೊಳಗೆ ಯಾರದ್ದೋ ಅವರಿಗೆ ಅವರೇ ವರ್ಗಾಯಿಸಬೇಕು.

ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದ 198ಎ ಅಂತ ಒಂದು ಕಲಂ ಬಂದಿದೆ. ರಸ್ತೆಯ ಗುಣಮಟ್ಟ, ನಿರ್ವಹಣೆ ಸರಿ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದ್ರೆ ಹೊಣೆ ಇರುವ ಸಂಸ್ಥೆಗೆ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ. ಮುಂಗೈ ವಾಸಿಯಾಗುತ್ತೆ ಅಂದ್ರೆ ನಿಮಗೆ ಅದು ಅನ್ವಯ ಆಗಲ್ಲ, ಆಗದಿರಲಿ ಕೂಡ. ಆದ್ರೂ ಹೊಣೆ ಯಾರದ್ದು ಅಂತ ಕಾಗದ ಇಟ್ಟುಕೊಂಡಿರಿ.

ಹಳೇ_ಜೆಇ
ಸರಿಯಾಗಿ ಹೇಳಿದ್ರಿ. ಆದೇಶ ಸಿಕ್ಕಿದ ಮೇಲೆ ಚೈನೇಜ್ ನೋಡಿ, ಅಂದ್ರೆ ಕಿಲೋಮೀಟರ್ ಲೆಕ್ಕ. ದೊಡ್ಡ ಕಲ್ಲುಗಳ ಮಧ್ಯೆ 200 ಮೀಟರ್‌ಗೊಂದು ಗಿಡ್ಡ ಕಲ್ಲು ಇರುತ್ತೆ, ಮೇಲೆ 2, 4, 6, 8 ಅಂತ ಮಾತ್ರ ಬರೆದಿರುತ್ತೆ. ಗಿಡದಲ್ಲಿ ಮುಚ್ಚಿಹೋಗಿರುತ್ತೆ, ಹುಡುಕಬೇಕು.

ಸುಮ್ನೆಓದುವವ
ಈ ಗಿಡ್ಡ ಕಲ್ಲಿನ ಮೇಲೆ ಕೂತು ಬಸ್ಸಿಗೆ ಕಾದಿದ್ದೀನಿ ಎಷ್ಟೋ ಸಲ. 4 ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು.

ಪಿಬಿ_ರೋಡ್
ನಾವು ಸಣ್ಣವರಿದ್ದಾಗ ಅದು ಹೆಣ ಹೂತ ಗುರ್ತು ಅಂತ ನಮ್ಮಜ್ಜಿ ಹೆದರಿಸ್ತಿದ್ಳು. ನಾಕು ಅಂದ್ರ ನಾಕು ಮಂದಿ.

ಗುಂಡಿಪುರಾಣ
ಎಲ್ಲರಿಗೂ ಥ್ಯಾಂಕ್ಸ್. ಅರ್ಜಿ ಹಾಕಿದ್ದೀನಿ. ಉತ್ತರ ಬಂದಾಗ ಇಲ್ಲೇ ಹಾಕ್ತೀನಿ.

ಹಾಸನದ_ಆಲೂ
ಮುಂದಿನ ಸಂಕ್ರಾಂತಿಗೆ ಸಿಗೋಣ.

ಗುಂಡಿಪುರಾಣ
(ಒಂದು ತಿಂಗಳ ಮೇಲೆ) ಬಂತು! ಮೂವತ್ತು ದಿನ ತುಂಬೋಕೆ ಎರಡು ದಿನ ಇತ್ತು. ಒಂದೇ ಹಾಳೆ. ಕಿ.ಮೀ. 41.200ರಿಂದ 44.600ರವರೆಗೆ ಪುರಸಭೆಗೆ ಹಸ್ತಾಂತರ ಅಂತ ಇದೆ. ಅಂದ್ರೆ ಅದರಾಚೆ ಇರೋದು ಇನ್ನೂ ಮೊದಲನೇ ಕಚೇರಿಯದ್ದೇ.

ಭಾನುವಾರ ಚಿಕ್ಕಪ್ಪನ ಮಗನ್ನ ಕರ್ಕೊಂಡು ಟೇಪ್ ಹಿಡಿದು ಹೋದೆ. 44ರ ದೊಡ್ಡ ಕಲ್ಲು ಸಿಕ್ತು. 2 ಸಿಕ್ತು. 4ರ ಜಾಗದಲ್ಲಿ ಕಾಂಪೌಂಡ್ ಕಟ್ಟಿದ್ದಾರೆ. 6 ಎಲ್ಲೂ ಇಲ್ಲ. ಟೀ ಅಂಗಡಿ ಅಜ್ಜನ್ನ ಕೇಳಿದ್ರೆ 'ಅದಾ?' ಅಂತ ಎದ್ದು ಒಲೆ ಪಕ್ಕದಲ್ಲಿದ್ದ ಕೊಡ ಎತ್ತಿದರು. ಕೊಡದ ಕೆಳಗೆ ಕಲ್ಲು, ನೆಟ್ಟ ಜಾಗದಲ್ಲೇ ಇದೆ, ಅಂಗಡಿಯನ್ನೇ ಅದರ ಸುತ್ತ ಕಟ್ಟಿಕೊಂಡಿದ್ದಾರೆ. ಮಸಿ ಒರೆಸಿದ್ರೆ 6.

ಅಲ್ಲಿಂದ ಅಳೆದೆವು. ಗುಂಡಿ 37 ಮೀಟರ್ ಆಚೆ.

ಹಳೇ_ಜೆಇ
ಶಹಬ್ಬಾಸ್ ತಮ್ಮ. ಫೋಟೋ ತೆಗೆದ್ಯಾ? ಟೇಪ್ ಕಾಣೋ ಹಾಗೆ?

ಗುಂಡಿಪುರಾಣ
ತೆಗೆದಿದ್ದೀನಿ ಸರ್. ಸೋಮವಾರ ಕಚೇರಿಗೆ ಹೋಗಿ ತೋರಿಸಿದೆ. ಆದೇಶ ಓದಿದರು, ಫೋಟೋ ನೋಡಿದರು. 'ಆ ಕಲ್ಲು ಹಳೇದು, ಅದನ್ನ ಲೆಕ್ಕಕ್ಕೆ ಹಿಡಿಯೋಕೆ ಆಗಲ್ಲ, ನಾವೇ ಬಂದು ಅಳೀತೀವಿ' ಅಂದರು. ಗುರುವಾರ ಬರ್ತಾರಂತೆ.

ಕಾನೂನು_ಕಟ್ಟೆ
ಎಲ್ಲಿಂದ ಅಳೀತಾರೆ ಅಂತ ಕೇಳಿದ್ರಾ?

ಗುಂಡಿಪುರಾಣ
ಕೇಳಿದೆ. 44ನೇ ಕಲ್ಲಿಂದ ಅಂದರು.

ಫ್ಲೆಕ್ಸ್_ಅಂಗಡಿ
ಗುರುವಾರದೊಳಗೆ ಆ ಸನಿಕೆ ಬೋರ್ಡ್ ತೆಗೆಸೋಕೆ ಆಗುತ್ತಾ ನೋಡಿ ಸರ್. ನನಗ್ಯಾಕೋ ಭಯ ಆಗ್ತಿದೆ.